ರೇಷ್ಮೆ ಎಳೆ ಇಟ್ಟು ಅಳೆದ ದಾರಿ

ಕುರುಗೋಡು
೪ ಫೆಬ್ರುವರಿ ೧೯೫೧

ಬೊಂಬಾಯಿಯಲ್ಲಿರುವ ಶಿರುಗುಪ್ಪದ ಹಂಪಯ್ಯಗೆ ಕುರುಗೋಡಿನ ಉಚ್ಚಂಗೆಮ್ಮನ ಆಶೀರ್ವಾದ.

ನೀನು ಮದುವಿ ಆಗೋ ಹುಡುಗಿ ಅಜ್ಜಿ ನಾನು. ಹೆಣ್ಣು ನೋಡಾಕ ಬಂದಾಗ ಕಂಬಕ್ಕ ಆನಿಕೊಂಡು ಕುಂತು ನಿನಗ ಎಲ್ಡು ಸಲ ಉಂಡಿ ಹಾಕಿಸಿದಾಕಿ. ನೀನು ತಲಿ ಎತ್ತಲಿಲ್ಲ, ನನ್ನ ನೋಡಿರಲಿಕ್ಕಿಲ್ಲ. ನನಗೂ ಕಣ್ಣಾಗ ಪೊರಿ ಬಂದೈತಿ, ನಿನ್ನ ಮಕ ಕಾಣಲಿಲ್ಲ. ಅಲ್ಲಿಗೆ ಸರಿಗೆ ಸರಿ ಆತು.

ನನಗ ಅಕ್ಷರ ಬರೋದಿಲ್ಲ. ನಾನು ಹೇಳಿದ್ದನ್ನ ಆ ಹುಡುಗಿ, ನನ್ನ ಮೊಮ್ಮಗಳು ವಿರೂಪಮ್ಮನ ಬರೀತಾಳ. ಮದುವಿಗೆ ಮುಂಚೆ ಹೆಣ್ಣು ಗಂಡಿನ ಕೂಡ ಮಾತಾಡೋದು ನಮ್ಮ ಮನ್ಯಾಗ ಇಲ್ಲ. ಅದಕ್ಕ ಕೈ ಆಕಿದು, ಮಾತು ನಂದು ಅಂತ ತಿಳಕ. ನೀನೂ ನನಗ ಬರಿ. ಓದಿ ಹೇಳೋದು ಆಕಿ ಕೆಲಸ.

ವಿಷಯ ಏನಂದ್ರ, ಸಂಬಂಧ ಕೂಡಿಸಿದ ಸುಂಕಪ್ಪ ನಿನ್ನೆ ಬಂದು, ಗಂಡು ಬೊಂಬಾಯಿಂದ ವಿಮಾನದಾಗ ಹಾರಿ ಮದರಾಸಿನಾಗ ಇಳೀತಾನ, ಅಲ್ಲಿಂದ ರೈಲಿಗೆ ಹಿಂದಕ ಬರ್ತಾನ ಅಂತ ಕಟ್ಟಿ ಮ್ಯಾಲ ಕುಂತು ಊರಿಗೆಲ್ಲ ಹೇಳಿ ಹೋದ. ಎಲ್ಲಾರೂ ಖುಷಿ ಪಟ್ರು. ನನಗ ಮಾತ್ರ ಸೀಮಿ ಚಿಂತಿ ಹತ್ತಿತು. ನಮ್ಮ ಮನಿತನದ ಪದ್ಧತಿ ನಿನಗ ಗೊತ್ತಿರಲಿ. ತಾಂಬೂಲ ಆದ ಮ್ಯಾಲ ಗಂಡು ನಮ್ಮ ಊರ ಸೀಮಿ ದಾಟೋದು ಮದುವಿಗೆ ಹೊರಟಾಗ ಮಾತ್ರ. ಸೀಮಿ ಕಲ್ಲಿನ ಹತ್ರ ಹೆಣ್ಣಿನ ಕಡಿ ಹಿರೇಳು ಬಿಂದಿಗಿ ನೀರು ಹಿಡಕಂಡು ಎದುರುಗೊಂಡು, ಕಾಯಿ ಒಡದು ಕರಕಂಬರಬೇಕು. ಎದುರುಗೊಳ್ಳದ ದಾಟಿದ್ರ, ಇಲ್ಲಾ ಆ ನೀರು ಬ್ಯಾರೆ ಯಾರಿಗಾರ ಹಿಡದ್ರ, ಮದುವಿ ಒಂದು ವರ್ಷ ಮುಂದಕ್ಕ. ನನ್ನ ತಂಗಿ ಗಂಡ ತಪ್ಪಿಸಿಕೊಂಡ ಎತ್ತು ಹುಡಿಕ್ಕಂತ ನಮ್ಮ ಹೊಲದಾಗ ಹಾದು ಹೋಗಿ, ಒಂದು ವರ್ಷ ಕಾದ. ಎತ್ತೂ ಸಿಗಲಿಲ್ಲ.

ಈಗ ನೀನು ಮ್ಯಾಲಿಂದ ಬರಾಂವ. ಬೊಂಬಾಯಿಂದ ಮದರಾಸಿಗೆ ಎಷ್ಟು ದೂರ, ಎಷ್ಟು ತಾಸು? ನಡುವ ನಮ್ಮ ಸೀಮಿ ಬರ್ತೈತೋ ಇಲ್ಲೋ? ಹಿಂದ ಬಳ್ಳಾರಿಯಾಗ ಟಪಾಲಿನ ವಿಮಾನ ಇಳೀತಿತ್ತು, ನನ್ನ ಮಗ ಚಿದಾನಂದಪ್ಪ ಗಾಡಿ ಕಟ್ಟಿಗಂಡು ನೋಡಾಕ ಹೋಗಿದ್ದ. ಅದರಾಗ ಬರೇ ಕಾಗದ ಇದ್ವು. ಕಾಗದಕ್ಕ ಸೀಮಿ ಇಲ್ಲ. ಗಂಡಿಗೆ ಐತಿ. ಕೂಡಲೆ ತಿಳಿಸು.

ಉಚ್ಚಂಗೆಮ್ಮ

(ಇನ್ನು ಮುಂದಿನದು ಅಜ್ಜಿ ಹೇಳಿದ್ದಲ್ಲ. ಉಂಡೆ ಎರಡು ಸಲ ಅಲ್ಲ, ಮೂರು ಸಲ. ಎಣಿಸಿದವಳು ನಾನು. ನಿಮ್ಮ ಉತ್ತರದಲ್ಲಿ ಅಜ್ಜಿಗೆ ಓದಬಾರದ ಮಾತಿದ್ದರೆ ಒಂದು ಅಡ್ಡಗೆರೆ ಎಳೆದು ಅದರ ಕೆಳಗೆ ಬರೆಯಿರಿ. ಗೆರೆಯ ಕೆಳಗಿನದನ್ನು ನಾನು ಗಟ್ಟಿಯಾಗಿ ಓದುವುದಿಲ್ಲ. — ವಿ.)


ಸಾಂತಾಕ್ರೂಜ್, ಬೊಂಬಾಯಿ
೧೧ ಫೆಬ್ರುವರಿ ೧೯೫೧

ಹಿರಿಯರಾದ ಉಚ್ಚಂಗೆಮ್ಮನವರಿಗೆ ಹಂಪಯ್ಯನ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಮೊದಲು ಒಂದು ಮಾತು. ವಿಮಾನ ಓಡಿಸುವವನು ನಾನಲ್ಲ. ಸುಂಕಪ್ಪ ಹಾಗೆ ಹೇಳಿದ್ದರೆ ದಯವಿಟ್ಟು ನಂಬಬೇಡಿ. ನಾನು ವಿಮಾನ ನಿಲ್ದಾಣದಲ್ಲಿ ತೂಕದ ಯಂತ್ರದ ಹತ್ತಿರ ನಿಲ್ಲುತ್ತೇನೆ. ವಿಮಾನ ಹತ್ತುವವರನ್ನೂ ಅವರ ಪೆಟ್ಟಿಗೆಗಳನ್ನೂ ತೂಗಬೇಕು. ನಾನು ತೂಕ ಕೂಗುತ್ತೇನೆ, ಗುಮಾಸ್ತರು ಬರೆದುಕೊಳ್ಳುತ್ತಾರೆ. ಆಮೇಲೆ ಪೆಟ್ಟಿಗೆಗಳನ್ನು ಹೊತ್ತು ಒಳಗಿಡುತ್ತೇನೆ. ಜನ ಹತ್ತಿದ ಮೇಲೆ ಮೆಟ್ಟಿಲು ಎಳೆಯುತ್ತೇನೆ. ರಜೆಯ ಮೇಲೆ ಹೋಗುವ ಕೆಲಸದವರನ್ನು, ಸೀಟು ಖಾಲಿ ಇದ್ದರೆ, ಬಿಟ್ಟಿಯಾಗಿ ಕೂರಿಸಿಕೊಳ್ಳುತ್ತಾರೆ. ಅದಕ್ಕೇ ವಿಮಾನದ ಮಾತು ಬಂದದ್ದು. ಬಳ್ಳಾರಿಯಲ್ಲಿ ಈಗ ಅದು ಇಳಿಯುವುದಿಲ್ಲ.

ಇಲ್ಲಿಯ ಗೋಡೆಗೆ ದೊಡ್ಡ ನಕಾಶೆ ಹಾಕಿದ್ದಾರೆ. ಊಟದ ಹೊತ್ತಿನಲ್ಲಿ ಯಾರೂ ಇಲ್ಲದಾಗ ಬೊಂಬಾಯಿಗೂ ಮದರಾಸಿಗೂ ಪೆಟ್ಟಿಗೆ ಕಟ್ಟುವ ಹುರಿ ಹಿಡಿದು ನೋಡಿದೆ. ಸುಮಾರು ಆರುನೂರ ನಲವತ್ತು ಮೈಲಿ. ನಾಲ್ಕು ತಾಸಿನ ಹಾದಿ. ಹುರಿಯ ಕೆಳಗೆ ನಮ್ಮ ಶಿರುಗುಪ್ಪ ಬಂತು. ಕುರುಗೋಡೂ ಬಂತು, ಮೋಕವೂ ಬಂತು, ಬಳ್ಳಾರಿಯ ಅರ್ಧವೂ ಬಂತು. ಹುರಿ ಅಷ್ಟು ದಪ್ಪ. ಬೆರಳಿಟ್ಟರೂ ಅಷ್ಟೇ, ನಿಮ್ಮ ಊರು ನಮ್ಮ ಊರು ಎರಡೂ ಒಂದೇ ಬೆರಳಿನಡಿ ಮರೆಯಾಗುತ್ತವೆ. ಆದ್ದರಿಂದ ಸೀಮೆ ದಾಟುತ್ತದೋ ಇಲ್ಲವೋ ನಾನು ಹೇಳಲಾರೆ. ತಪ್ಪಿದ್ದರೆ ಕ್ಷಮಿಸಬೇಕು.

ಹಂಪಯ್ಯ

———

ಗೆರೆ ಎಳೆದಿದ್ದೇನೆ. ಏನು ಬರೆಯಬೇಕೋ ತಿಳಿಯಲಿಲ್ಲ.


ಕುರುಗೋಡು
೨೦ ಫೆಬ್ರುವರಿ ೧೯೫೧

ಹಂಪಯ್ಯಗೆ ಉಚ್ಚಂಗೆಮ್ಮನ ಆಶೀರ್ವಾದ.

ಯಪ್ಪಾ, ಸೀಮಿ ಅಳಿಯಾಕ ಹುರಿ ಹಿಡೀತಾರೇನು? ಎತ್ತು ಕಟ್ಟಾಕ ಹಿಡೀತಾರ. ಈ ಲಕೋಟಿಯಾಗ ಒಂದು ರೇಷ್ಮಿ ಎಳಿ ಇಟ್ಟೀನಿ. ನನ್ನ ಧಾರಿ ಸೀರಿ ಅಂಚಿಂದು. ಇದಕ್ಕಿಂತ ತೆಳ್ಳಂದು ನಮ್ಮ ಮನ್ಯಾಗಿಲ್ಲ. ಇದನ್ನ ಇಟ್ಟು ಅಳದು ಹೇಳು. ಅಳದ ಮ್ಯಾಲ ಎಳಿ ಬಿಸಾಕಬ್ಯಾಡ, ಮದುವಿಗೆ ಬರೋವಾಗ ತಗಂಬಾ. ಐವತ್ತು ವರ್ಷದ ಸೀರಿ ಅದು, ಒಂದು ಎಳಿ ಕಮ್ಮಿ ಆಗಬಾರದು.

ಮನಿಷಾರನ್ನ ತೂಗ್ತಾರ ಅಂತ ಕೇಳಿ ಚಿದಾನಂದಪ್ಪ ಒಂದು ತಾಸು ನಕ್ಕ. ಹತ್ತಿ ಅಂಡಿಗಿ ತೂಗಿದಂಗ! ನೀನು ಎಷ್ಟು ತೂಗ್ತಿ? ಹೆಣ್ಣು ನೋಡಾಕ ಬಂದಾಗ ನಿನ್ನ ಹೆಜ್ಜಿ ಸಪ್ಪಳ ನನಗ ಕೇಳಲೇ ಇಲ್ಲ. ಬೆಕ್ಕು ಬಂತು ಅಂದಕಂಡೆ.

ನಿನಗಿಂತ ಮೊದಲ ನಮ್ಮ ಹುಡುಗಿನ ಕೇಳಿದ್ದ ಮೋಕದ ಪಕ್ಕೀರಪ್ಪ ಮತ್ತ ಬಂದಿದ್ದ. ಅವಗ ಆರು ಗಾಡಿ, ಎಲ್ಡು ಮಾಡಿ ಮನಿ. ಹೆಂಡ್ತಿ ಹೋಗಿ ಮೂರು ವರ್ಷ ಆತು. ನಿಮ್ಮ ಮದುವಿ ಒಂದು ವರ್ಷ ಮುಂದಕ್ಕ ಹೋದ್ರ ಹುಡುಗಿನ ಸುಮ್ಮನ ಯಾಕ ಕುಂದರಸ್ತೀರಿ ಅಂತ ಕೇಳಿದ. ನಾನು ಹೂಂ ಅನಲಿಲ್ಲ, ಊಹೂಂ ಅನಲಿಲ್ಲ. ಎಳಿ ಏನು ಹೇಳ್ತೈತೋ ಅದರ ಮ್ಯಾಲ.

ಉಚ್ಚಂಗೆಮ್ಮ

(ಪಕ್ಕೀರಪ್ಪನ ಮಗಳು ನನಗಿಂತ ದೊಡ್ಡವಳು. ಅವರ ಹತ್ತಿರ ಬಳ್ಳಾರಿ ದಂಡಿನ ಹರಾಜಿನಲ್ಲಿ ಕೊಂಡ ದುರ್ಬೀನು ಇದೆ. ಕೊರಳಿಗೆ ಹಾಕಿಕೊಂಡೇ ಊಟಕ್ಕೆ ಕೂರುತ್ತಾರೆ. ಸಾರಿನಲ್ಲಿ ಅದ್ದಿದರೂ ತೆಗೆಯುವುದಿಲ್ಲ. ನೀವು ಸರಿಯಾಗಿ ಅಳೆಯಿರಿ. ಗೆರೆಯ ಕೆಳಗೆ ಬರೆಯಲು ಏನೂ ತೋಚದಿದ್ದರೆ ನಿಮ್ಮ ತೂಕವನ್ನಾದರೂ ಬರೆಯಿರಿ. — ವಿ.)


ಸಾಂತಾಕ್ರೂಜ್, ಬೊಂಬಾಯಿ
೩ ಮಾರ್ಚ್ ೧೯೫೧

ಹಿರಿಯರಾದ ಉಚ್ಚಂಗೆಮ್ಮನವರಿಗೆ ಹಂಪಯ್ಯನ ನಮಸ್ಕಾರಗಳು.

ರೇಷ್ಮೆ ಎಳೆ ಕ್ಷೇಮವಾಗಿ ಬಂತು. ಅದನ್ನು ಇಟ್ಟು ಮೂರು ಸಲ ಅಳೆದೆ. ಎಳೆ ಶಿರುಗುಪ್ಪದ ಅಂಚಿಗೆ ಹಾದು, ಮೋಕವನ್ನು ಬಲಕ್ಕೆ ಬಿಟ್ಟು ಹೋಗುತ್ತದೆ. ಕುರುಗೋಡು ಎಳೆಯಿಂದ ಎರಡು ಜೋಳದ ಕಾಳಿನಷ್ಟು ಆಚೆ ಉಳಿಯುತ್ತದೆ. ಸೀಮೆ ದಾಟುವುದಿಲ್ಲ. ಇಷ್ಟಕ್ಕೇ ಕಾಗದ ಮುಗಿಸಿ ಅಂಚೆಗೆ ಹಾಕಬೇಕಾಗಿತ್ತು. ಆದರೆ ಮನಸ್ಸು ಒಪ್ಪದೆ ವಿಮಾನ ಓಡಿಸುವ ಸಾಹೇಬರನ್ನು ಒಂದು ಮಾತು ಕೇಳಿದೆ.

ಅವರು ನಕ್ಕು ಹೇಳಿದ್ದು ಇದು. ಮೇಲೆ ಎಳೆಯೂ ಇಲ್ಲ ಹುರಿಯೂ ಇಲ್ಲ. ಗಾಳಿ ಎತ್ತ ತಳ್ಳುತ್ತದೋ ನೋಡಿಕೊಂಡು, ಕೆಳಗಿನ ಗುರುತು ಹಿಡಿದು ಹೋಗುತ್ತಾರೆ. ತುಂಗಭದ್ರೆ ಒಂದು ಗುರುತು. ಹೊಳೆ ದಾಟಿದ ಮೇಲೆ ಒಂದು ಗುಡ್ಡ ಗುರುತು. ಯಾವ ಗುಡ್ಡ ಎಂದು ನಕಾಶೆಯ ಮೇಲೆ ಕೈಯಿಟ್ಟು ತೋರಿಸಿದರು. ಅದು ನಿಮ್ಮ ಕುರುಗೋಡಿನ ಗುಡ್ಡ. ಕೆಲವು ದಿನ ಅದರ ನೆತ್ತಿಯ ಮೇಲೇ ಹೋಗುತ್ತಾರಂತೆ.

ನಾನು ಬೇರೆ ಲೆಕ್ಕವನ್ನೂ ಹಾಕಿದೆ. ಬೆಳಿಗ್ಗೆ ಎಂಟಕ್ಕೆ ಬೊಂಬಾಯಿ ಬಿಟ್ಟರೆ ಹತ್ತೂಕಾಲರ ಸುಮಾರಿಗೆ ಶಿರುಗುಪ್ಪದ ಮೇಲೆ, ಅಂದರೆ ನಮ್ಮ ಅಕ್ಕ ಹನುಮಮ್ಮ ರೊಟ್ಟಿ ಬಡಿಯುವ ಹೊತ್ತಿಗೆ ಅವಳ ತಲೆಯ ಮೇಲೆ ಇರುತ್ತೇನೆ. ಆದರೆ ಇಳಿಯುವ ಹಾಗಿಲ್ಲ. ಮಧ್ಯಾಹ್ನ ಮದರಾಸು. ಅಲ್ಲಿ ಸಂಜೆಯವರೆಗೆ ಕಾದು ರೈಲು ಹತ್ತಿ, ಗುಂತಕಲ್ಲಿನಲ್ಲಿ ಬದಲಾಯಿಸಿ, ಮರುದಿನ ಬೆಳಿಗ್ಗೆ ಬಳ್ಳಾರಿ. ಬೊಂಬಾಯಿಯಿಂದ ನೇರವಾಗಿ ರೈಲಿಗೆ ಬಂದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು, ಆರೇಳು ತಾಸು ಜಾಸ್ತಿ. ರೈಲಿಗೆ ಬಂದರೆ ಸೀಮೆಯ ತೊಂದರೆಯೂ ಇಲ್ಲ. ಆದ್ದರಿಂದ ರೈಲಿಗೇ ಬರಲೇ ಎಂದು ಕೇಳಿಕೊಳ್ಳುತ್ತೇನೆ.

ಹಂಪಯ್ಯ

———

ನೂರ ಹದಿನೆಂಟು ಪೌಂಡು. ಚಪ್ಪಲಿ ಬಿಟ್ಟು.

ಆ ದಿನ ನಾನು ತಲೆ ಎತ್ತಲಿಲ್ಲ ಎಂಬುದು ನಿಜ. ಆದರೆ ಬಾಗಿಲ ಹಿಂದೆ ನಿಮ್ಮ ಪಾದ ಕಾಣಿಸಿತು. ಎಡಗಾಲಿನ ಹೆಬ್ಬೆರಳಿಗೆ ಬಟ್ಟೆ ಕಟ್ಟಿತ್ತು. ಈಗ ವಾಸಿಯಾಯಿತೇ?


ಕುರುಗೋಡು
೧೫ ಮಾರ್ಚ್ ೧೯೫೧

ಹಂಪಯ್ಯಗೆ ಉಚ್ಚಂಗೆಮ್ಮನ ಆಶೀರ್ವಾದ.

ರೈಲಿನ ಮಾತು ಎತ್ತಬ್ಯಾಡ. ಊರಾಗ ಕೂಸಿನಿಂದ ಹಿಡದು ಮುದುಕರತನಕ ಎಲ್ಲಾರಿಗೂ ವಿಮಾನದ ಗಂಡು ಅಂತನ ನೀನು ಗೊತ್ತು. ಈಗ ರೈಲಿಗೆ ಬಂದ್ರ ಪಕ್ಕೀರಪ್ಪ ಕಟ್ಟಿ ಮ್ಯಾಲ ಕುಂತು ಏನಂತಾನ ನನಗ ಗೊತ್ತೈತಿ. "ಯವ್ವಾ, ನಿಮ್ಮ ಗಂಡಿನ ರೆಕ್ಕಿ ಯಾರು ಕತ್ತರಿಸಿದ್ರು?" ಅಂತಾನ.

ನೀನು ಆ ಸಾಹೇಬನ್ನ ಕೇಳಬಾರದಿತ್ತು. ಎಳಿ ದಾಟೋದಿಲ್ಲ ಅಂದಿತ್ತು, ಅಲ್ಲಿಗೆ ಬಿಡಬೇಕಿತ್ತು. ಕೇಳಿದಿ. ಕೇಳಿದ ಮ್ಯಾಲ ನನಗೂ ಹೇಳಿದಿ. ಈಗ ಗೊತ್ತಿದ್ದು ಗೊತ್ತಿಲ್ಲ ಅನ್ನಾಕ ನನಗ ಬರೋದಿಲ್ಲ. ಅದಕ್ಕ ನಾನು ಯೋಚನಿ ಮಾಡೀನಿ. ಸೀಮಿ ಮ್ಯಾಲ ದಾಟ್ತಾನ ಅಂದ್ರ ಮ್ಯಾಲ ಎದುರುಗೊಳ್ಳಬೇಕು. ನಮ್ಮ ಗುಡ್ಡಕ್ಕಿಂತ ಎತ್ತರ ಈ ಸೀಮ್ಯಾಗ ಯಾವುದೂ ಇಲ್ಲ. ನೀನು ಹೊರಡೋ ದಿನ ನಾವೆಲ್ಲ ಬಿಂದಿಗಿ, ಕಾಯಿ, ಆರತಿ ತಗಂಡು ಗುಡ್ಡದ ನೆತ್ತಿ ಹತ್ತತೀವಿ. ನನ್ನ ಡೋಲಿ ಕಟ್ಟಿ ಹೊರ್ತಾರಂತ. ಡೊಳ್ಳಿನವರಿಗೂ ಹೇಳೀನಿ. ವಿಮಾನ ಬಂದ ಕೂಡಲೆ ನೀರು ಎತ್ತಿ ತೋರಿಸಿ ಕಾಯಿ ಒಡೀತೀನಿ. ಅಲ್ಲಿಗೆ ಎದುರುಗೊಂಡಂಗ ಆತು.

ನಿನ್ನ ಕಡಿಯಿಂದ ಎಲ್ಡು ಕೆಲಸ ಆಗಬೇಕು. ಒಂದು, ದಿನ ಹೊತ್ತು ಸರಿಯಾಗಿ ಬರಿ. ಎಲ್ಡು, ಆ ಸಾಹೇಬಗ ಹೇಳಿ ಗುಡ್ಡದ ಮ್ಯಾಲ ಒಂದು ಗಳಿಗಿ ನಿಲ್ಲಿಸು. ನಮ್ಮೂರ ಬಸ್ಸಿನವನೇ ಕೈ ಮಾಡಿದ್ರ ನಿಲ್ಲಿಸ್ತಾನ. ಮದುವಿ ರುಮಾಲು ಸುತ್ತಿಗಂಡು ಕುಂದರು, ಗುರುತು ಸಿಗ್ತೈತಿ. ಕಿಟಕ್ಯಾಗಿಂದ ಒಂದು ವೀಳ್ಯದೆಲಿ ಕೆಳಗ ಬಿಡು.

ಉಚ್ಚಂಗೆಮ್ಮ

(ಬೆರಳು ವಾಸಿಯಾಗಿದೆ. ಒಳಕಲ್ಲಿನ ಗುಂಡು ಜಾರಿ ಬಿದ್ದಿತ್ತು. ಕೇಳಿದವರು ನೀವೊಬ್ಬರೇ. ಪಕ್ಕೀರಪ್ಪನೂ ದುರ್ಬೀನು ತೆಗೆದುಕೊಂಡು ಗುಡ್ಡಕ್ಕೆ ಬರುತ್ತಾರಂತೆ. "ಗಂಡು ಒಳಗ ಅದಾನೋ ಇಲ್ಲೋ ನಾನ ನೋಡಿ ಹೇಳ್ತೀನಿ" ಎಂದಿದ್ದಾರೆ. ನೀವು ಒಳಗಿರಿ. — ವಿ.)


ಸಾಂತಾಕ್ರೂಜ್, ಬೊಂಬಾಯಿ
೧ ಏಪ್ರಿಲ್ ೧೯೫೧

ಹಿರಿಯರಾದ ಉಚ್ಚಂಗೆಮ್ಮನವರಿಗೆ ಹಂಪಯ್ಯನ ನಮಸ್ಕಾರಗಳು.

ಮದುವೆ ಏಪ್ರಿಲ್ ಇಪ್ಪತ್ತೆರಡು ಭಾನುವಾರ. ನಾನು ಹದಿನಾರು ಸೋಮವಾರ ಬೆಳಿಗ್ಗೆ ಎಂಟರ ವಿಮಾನಕ್ಕೆ ಹೊರಡುತ್ತೇನೆ. ಹತ್ತೂಕಾಲು, ಹತ್ತೂವರೆಯ ನಡುವೆ ಗುಡ್ಡದ ಹತ್ತಿರ ಬರಬಹುದು. ಬಿಸಿಲು ಜೋರಿರುತ್ತದೆ. ನೀವು ನೆರಳಿಗೆ ಏನಾದರೂ ಕಟ್ಟಿಸಿಕೊಳ್ಳಿರಿ.

ವಿಮಾನ ನಿಲ್ಲಿಸಲು ಸಾಹೇಬರನ್ನು ಕೇಳಿದೆ. ನಿಂತರೆ ಬೀಳುತ್ತದಂತೆ. ಕಿಟಕಿಗೆ ಗಾಜು ಇದೆ, ತೆರೆಯಲು ಬರುವುದಿಲ್ಲ. ಆದ್ದರಿಂದ ವೀಳ್ಯದೆಲೆ ಬಿಡಲಾರೆ, ಕೈಯಲ್ಲಿ ಹಿಡಿದಿರುತ್ತೇನೆ. ಕೆಂಪು ರುಮಾಲು ಕೊಂಡಿದ್ದೇನೆ. ಅದನ್ನು ಸುತ್ತಿಕೊಂಡು ಹತ್ತಿದರೆ ಇಲ್ಲಿಯವರು ಒಂದು ತಿಂಗಳು ನಗುತ್ತಾರೆ. ಪೆಟ್ಟಿಗೆಯಲ್ಲಿ ಧೋತರದ ಮೇಲೆ ಮಡಿಸಿ ಇಟ್ಟಿದ್ದೇನೆ. ಬಿಳಿ ಕರವಸ್ತ್ರ ಕಿಟಕಿಗೆ ಹಿಡಿಯುತ್ತೇನೆ. ಸಾಹೇಬರು ಮಾತ್ರ ಒಂದು ಒಳ್ಳೆಯ ಮಾತು ಆಡಿದರು. ಆ ದಿನ ಗಾಳಿ ಹೇಗೇ ಇರಲಿ, ನಿಮ್ಮ ಗುಡ್ಡದ ಮೇಲೇ ಹಾದುಹೋಗುತ್ತಾರಂತೆ. ಇಷ್ಟು ವರ್ಷ ವಿಮಾನ ಓಡಿಸಿದರೂ ಅವರಿಗೆ ಯಾರೂ ಆರತಿ ಎತ್ತಿಲ್ಲವಂತೆ.

ಹಂಪಯ್ಯ

———

ನಾನು ವಿಮಾನದೊಳಗೆ ಹೋಗಿರುವುದು ಅದು ನೆಲದ ಮೇಲೆ ನಿಂತಿರುವಾಗ ಮಾತ್ರ. ಸ್ವಲ್ಪ ಹೆದರಿಕೆ ಇದೆ. ಗುಡ್ಡದ ಮೇಲೆ ನೀವು ಯಾವ ಬಣ್ಣದ ಸೀರೆ ಉಡುತ್ತೀರಿ? ಉತ್ತರ ಬರುವುದರೊಳಗೆ ನಾನು ಹೊರಟಿರಬಹುದು. ಆದರೂ ಕೇಳಿದ್ದೇನೆ.


ಕುರುಗೋಡು
೧೭ ಏಪ್ರಿಲ್ ೧೯೫೧

ಶಿರುಗುಪ್ಪಕ್ಕೆ ಬಂದಿಳಿದ ಹಂಪಯ್ಯಗೆ, ಅಕ್ಕ ಹನುಮಮ್ಮನ ಮನಿ ವಿಳಾಸಕ್ಕ, ಉಚ್ಚಂಗೆಮ್ಮನ ಆಶೀರ್ವಾದ.

ಕೆಲಸ ಚಲೋ ಆತು! ಮೊದಲು ಸಪ್ಪಳ ಬಂತು. ಡೊಳ್ಳಿನವರು ಗಾಬರಿಯಾಗಿ ಬಾರಸೋದು ಬಿಟ್ರು. "ಲೇ ಬಾರಸ್ರಲೇ, ಬೀಗರು ಬಂದ್ರು!" ಅಂತ ಚಿದಾನಂದಪ್ಪ ಕೂಗಿದ. ಯಾವತ್ತೂ ದನಿ ಎತ್ತದವ. ನಾನು ಬಿಂದಿಗಿ ಎತ್ತಿದೆ, ಅರ್ಧ ನೀರು ನನ್ನ ಮ್ಯಾಲ ಬಿತ್ತು. ಒಂದ ಏಟಿಗೆ ಕಾಯಿ ಎಲ್ಡು ಹೋಳಾತು. ಹೋಳು ಗುಡ್ಡದ ಕೆಳಗ ಉರುಳಿ ಹೋದ್ವು, ಹುಡುಗರು ಹಿಂದ ಓಡಿದ್ರು.

ಪಕ್ಕೀರಪ್ಪ ದುರ್ಬೀನು ಕಣ್ಣಿಗೆ ಇಟ್ಟಿದ್ದ. "ಯಾವ ಗಂಡೂ ಕಾಣವಲ್ಲ" ಅಂದ. ನಾನು ಅದನ್ನ ಕಸಗಂಡು ನೋಡಿದೆ. ಕಿಟಕ್ಯಾಗ ನೀನು ಕೈ ಬೀಸಿದ್ದು ಕಣ್ಣಾರೆ ಕಂಡೆ. ಎಲ್ಲಾರ ಮುಂದ ಹೇಳಿದೆ. "ನನಗ್ಯಾಕ ಕಾಣಲಿಲ್ಲ?" ಅಂದ ಪಕ್ಕೀರಪ್ಪ. "ನಿನ್ನ ಮಾರಿ ನೋಡಬಾರದು ಅಂತ ಅಂವ ಈ ಕಡಿ ತಿರುಗಿ ಕುಂತಿದ್ದ" ಅಂದೆ. ಆಮ್ಯಾಲ ಡೊಳ್ಳಿನವರೂ ಕಂಡೀವಿ ಅಂದ್ರು. ಒಬ್ಬ ನಿನ್ನ ಮೀಸಿ ಕಂಡೆ ಅಂದ.

ಬೊಂಬಾಯಿ ನೀರು ನಿನಗ ಹಿಡಿಸೈತಿ. ಮೈ ಕೈ ತುಂಬಿಕೊಂಡು ಒಳ್ಳೆ ದುಂಡಗ ಕಂಡಿ. ಇನ್ನ ಪದ್ಧತಿಯಾಗ ಏನೂ ಬಾಕಿ ಇಲ್ಲ. ಭಾನುವಾರ ಬಾ.

ಉಚ್ಚಂಗೆಮ್ಮ

(ಅಜ್ಜಿ ದುರ್ಬೀನನ್ನು ಹಿಂದುಮುಂದಾಗಿ ಹಿಡಿದಿದ್ದಳು. ವಿಮಾನ ಹದ್ದಿನಷ್ಟು ಕಾಣುತ್ತಿತ್ತು, ಕಿಟಕಿ ನನಗೂ ಕಾಣಲಿಲ್ಲ. ಆದರೂ ನಾನು ಕೈ ಬೀಸಿದೆ. ಹಳದಿ ಸೀರೆ ಉಟ್ಟಿದ್ದೆ. ಕಂಡಿತೇ? — ವಿ.)


ಕೌಲ್ ಬಜಾರ್, ಬಳ್ಳಾರಿ
೧೮ ಏಪ್ರಿಲ್ ೧೯೫೧

ಹಿರಿಯರಾದ ಉಚ್ಚಂಗೆಮ್ಮನವರಿಗೆ ಹಂಪಯ್ಯನ ನಮಸ್ಕಾರಗಳು.

ಇಂದು ಬುಧವಾರ ಬೆಳಿಗ್ಗೆ ಬಳ್ಳಾರಿಗೆ ಬಂದಿಳಿದೆ. ಗೆಳೆಯ ಶೇಕ್ಷಾವಲಿಯ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ನಾನು ಆ ವಿಮಾನದಲ್ಲಿ ಇರಲಿಲ್ಲ.

ಸೋಮವಾರ ಬೆಳಿಗ್ಗೆ ನನ್ನ ಪೆಟ್ಟಿಗೆಯನ್ನು ನಾನೇ ತೂಗಿ, ನಾನೇ ಹೊತ್ತು, ಎಲ್ಲಕ್ಕಿಂತ ಒಳಗೆ ಇಟ್ಟು ಬಂದೆ. ಬಾಗಿಲು ಹಾಕುವ ಹೊತ್ತಿಗೆ ಒಬ್ಬ ಸೇಠರು ಓಡಿ ಬಂದರು. ಅವರ ತೂಕ ಕೂಗಿದವನೂ ನಾನೇ. ಇನ್ನೂರ ಮೂವತ್ತು ಪೌಂಡು. ಟಿಕೀಟಿನ ತೂಕ ಹತ್ತಬೇಕಾದರೆ ಬಿಟ್ಟಿ ತೂಕ ಇಳಿಯಬೇಕು ಎಂದು ಗುಮಾಸ್ತರು ನನ್ನ ಮುಖ ನೋಡಿದರು. ಮೂಲೆಯಲ್ಲಿದ್ದ ಪೆಟ್ಟಿಗೆ ತೆಗೆಯಲು ಹೊತ್ತಿರಲಿಲ್ಲ. ರುಮಾಲು, ಧೋತರ ಎಲ್ಲ ಅದರಲ್ಲೇ ಹೋದವು. ಮೆಟ್ಟಿಲು ಎಳೆಯಲು ಬೇರೆ ಯಾರೂ ಇರಲಿಲ್ಲ. ನಾನೇ ಎಳೆದೆ. ಆ ರಾತ್ರಿಯ ರೈಲು ಹತ್ತಿದೆ.

ಹತ್ತೂಕಾಲಕ್ಕೆ ನೀವು ಬಿಸಿಲಲ್ಲಿ ಬಿಂದಿಗೆ ಎತ್ತಿದಾಗ ನಾನು ಇನ್ನೊಂದು ವಿಮಾನದ ಪೆಟ್ಟಿಗೆ ತೂಗುತ್ತಿದ್ದೆ. ಗಡಿಯಾರ ನೋಡಿದೆ. ಆ ಹೊತ್ತು ನನಗೆ ಬಹಳ ಕಷ್ಟವಾಯಿತು.

ಶೇಕ್ಷಾವಲಿ ಇದನ್ನು ಬರೆಯಬೇಡ ಎಂದು ಬೆಳಿಗ್ಗೆಯಿಂದ ಬೈಯುತ್ತಿದ್ದಾನೆ. "ಲೇ ಹುಚ್ಚಾ, ಇದ್ದೆ ಅನ್ನು. ಯಾರು ನಿಚ್ಚಣಿಕಿ ಹಾಕ್ಕೊಂಡು ನೋಡ್ಯಾರ?" ಎನ್ನುತ್ತಾನೆ. ಈ ಮಾತನ್ನು ಬೇರೆ ಕಡೆ ಬರೆಯುವ ದಾರಿ ನನಗಿತ್ತು. ಆದರೆ ಇದು ನಿಮಗೆ ಕೇಳಬೇಕಾದ ಮಾತು. ನೀವು ಬೇರೆ ಯಾರನ್ನೋ ಎದುರುಗೊಂಡಿದ್ದೀರಿ. ಪದ್ಧತಿ ಏನು ಹೇಳುತ್ತದೋ ಹಾಗೆ ಆಗಲಿ. ಒಂದು ವರ್ಷ ಎಂದರೆ ನಾನು ಕಾಯುತ್ತೇನೆ. ಹುಡುಗಿಯನ್ನು ಕಾಯಿಸುತ್ತೀರೋ ಇಲ್ಲವೋ ಅದು ನಿಮಗೆ ಸೇರಿದ್ದು.

ನಿಮ್ಮ ಸೀಮೆಗೆ ಕಾಲಿಡದೆ ಮೋಕದ ಮೇಲಿನ ಬಸ್ಸಿಗೆ ಶಿರುಗುಪ್ಪಕ್ಕೆ ಹೋಗುತ್ತೇನೆ. ಇದನ್ನು ಕುರುಗೋಡಿನ ಬಸ್ಸಿನ ಕರೀಮಸಾಬರ ಕೈಯಲ್ಲಿ ಕಳಿಸಿದ್ದೇನೆ.

ಹಂಪಯ್ಯ

———

ರೇಷ್ಮೆ ಎಳೆ ಪೆಟ್ಟಿಗೆಯಲ್ಲಿ ಹೋಗಲಿಲ್ಲ. ಅಂಗಿಯ ಜೇಬಿನಲ್ಲಿತ್ತು. ಇದೆ.


ಕುರುಗೋಡು
೧೯ ಏಪ್ರಿಲ್ ೧೯೫೧

ಹಂಪಯ್ಯಗೆ ಉಚ್ಚಂಗೆಮ್ಮನ ಆಶೀರ್ವಾದ.

ನಿನ್ನ ಕಾಗದ ಎಲ್ಡು ಸಲ ಓದಿಸಿದೆ. ಮೊದಲನೆ ಸಲ ಆಕಿ ಓದಿದಾಗ ನೀನು ವಿಮಾನದಾಗ ಸುಖವಾಗಿ ಕುಂತಿದ್ದಿ, ಗುಡ್ಡ ಕಂಡು ಕೈ ಮುಗಿದಿದ್ದಿ, ಮದರಾಸಿನಾಗ ಇಡ್ಲಿ ತಿಂದಿದ್ದಿ. ನಾನು ಕೇಳಿದೆ, "ಯವ್ವಾ, ಸೋಮವಾರ ಮದ್ಯಾನ ಮದರಾಸಿನಾಗ ಇಳದಾಂವ ಮಂಗಳವಾರ ಮುಂಜಾನೆ ಬಳ್ಳಾರಿಯಾಗ ಇರಬೇಕು. ನೀನ ಓದಿ ಹೇಳಿದ ಲೆಕ್ಕ. ಬುಧವಾರ ಇಳದೆ ಅಂತ ಬರದಾನ. ನಡುವಿನ ಒಂದು ದಿನ ಇಡ್ಲಿ ತಿಂತಿದ್ನೇನು?" ಆಕಿ ಕಾಗದ ಮತ್ತ ಮೊದಲಿಂದ ಬಿಚ್ಚಿದ್ಳು. ಎಲ್ಡನೆ ಸಲ ಓದಿದಾಗ ನೀನು ಬೊಂಬಾಯಿಯಾಗ ಮೆಟ್ಟಲು ಎಳೀತಿದ್ದಿ.

ಪಕ್ಕೀರಪ್ಪ ಕಟ್ಟಿ ಮ್ಯಾಲಿದ್ದ, ಎಲ್ಲಾ ಕೇಳಿದ. "ಒಂದು ವರ್ಷ!" ಅಂತ ತೊಡಿ ತಟ್ಟಿಗಂಡು ಎದ್ದ. "ಕುಂದರಲೇ" ಅಂದೆ.

ನಾನು ಈ ಮನಿಗೆ ಬಂದ ಕತಿ ಯಾರಿಗೂ ಹೇಳಿಲ್ಲ, ಯಾಕಂದ್ರ ಯಾರೂ ಕೇಳಿಲ್ಲ. ನನ್ನ ತೌರು ಹೊಳಿ ಆಚಿ, ಅಲ್ಲೂ ಇದ ಪದ್ಧತಿ. ನನ್ನ ಮದುವಿ ಹೊತ್ತಿಗೆ ತುಂಗಭದ್ರಿ ತುಂಬಿ ಗಂಡು ಈಚಿ ದಂಡ್ಯಾಗ ಉಳದ. ಹರಿಗೋಲಿನವ ಒಬ್ಬ ಧೈರ್ಯ ಮಾಡಿ ಬಂದ, ಮನಿಷಾನ ಕೂಡಿಸಿಗಂಬರಾಕ ಒಲ್ಲೆ ಅಂದ. ಗಂಡಿನ ರುಮಾಲು ಬಿಚ್ಚಿ ಹರಿಗೋಲಿನಾಗ ಕಳಿಸಿದ್ರು. ನಮ್ಮವ್ವ ಆ ರುಮಾಲಿಗೆ ನೀರು ಹಿಡಿದು, ಕಾಯಿ ಒಡದು, ಸೀಮಿ ಒಳಗ ಕರಕಂಡ್ಳು. ಮೂರು ದಿನಕ್ಕ ಹೊಳಿ ಇಳೀತು, ಗಂಡು ಬರಿ ತಲ್ಯಾಗ ಬಂದ. ಆವತ್ತು ಹಿರೇರು ಹೇಳಿದ್ದು ಇಷ್ಟ: ರುಮಾಲು ಬಂದ್ರ ಗಂಡು ಬಂದಂಗ. ಆ ಮನಿಷಾನ ಕೂಡ ನಲವತ್ತು ವರ್ಷ ಬಾಳೇವು ಮಾಡೀನಿ, ಯಾರೂ ತಪ್ಪು ತೆಗದಿಲ್ಲ.

ನಿನ್ನ ರುಮಾಲು ಆ ವಿಮಾನದಾಗ ಇತ್ತು. ನಾನು ನೀರು ಹಿಡದದ್ದು ಅದಕ್ಕ. ಸೇಠ ನಡುವ ಕುಂತಿದ್ರ ಕುಂತಿರಲಿ, ಹರಿಗೋಲಿನಾಗ ಹರಿಗೋಲಿನವ ಇರಲಿಲ್ಲೇನು?

"ಪೆಟ್ಟಿಗಿ ಒಳಗಿನ ರುಮಾಲು ನಿನಗ ಹೆಂಗ ಕಾಣ್ತು?" ಅಂತ ಪಕ್ಕೀರಪ್ಪ ಕೇಳಿದ. ಪೊರಿ ಬಂದ ಕಣ್ಣಿಗೆ ಪೆಟ್ಟಿಗಿ ಒಳಗೂ ಒಂದ, ಹೊರಗೂ ಒಂದ ಅಂದೆ. ದುರ್ಬೀನು ಕೊರಳಾಗ ಹಾಕ್ಕಂಡು ಹೋದ. ಊಟಕ್ಕ ನಿಲ್ಲಲಿಲ್ಲ.

ಇನ್ನೊಂದು ಮಾತು. ನೀನು ಗೆರಿ ಎಳಿಯೋದು ನನಗ ಮೊದಲಿಂದ ಗೊತ್ತು. ಆಕಿ ಓದಿ ಮುಗಿಸಿದ ಮ್ಯಾಲೂ ಕಾಗದ ಮಡಸೋದಿಲ್ಲ, ಸುಮ್ಮನ ಕುಂತು ಮೂಗಿನಾಗ ನಗತಾಳ. ಪೊರಿ ಬಂದದ್ದು ಕಣ್ಣಿಗೆ, ಕಿವಿಗಲ್ಲ. ಕೆಳಗ ಏನೈತಿ ಅಂತ ನಾನು ಕೇಳೋದಿಲ್ಲ. ಆದ್ರ ಈ ಸುದ್ದಿ ನೀನು ಗೆರಿ ಮ್ಯಾಲ ಬರದಿ. ಅದಕ್ಕ ನನಗ ರುಮಾಲಿನ ಕತಿ ನೆಪ್ಪಾತು. ಕೆಳಗ ಬರದಿದ್ರ ನೆಪ್ಪು ಆಗ್ತಿತ್ತೋ ಇಲ್ಲೋ.

ಭಾನುವಾರ ಬಂಡ್ಯಾಗ ಸೀಮಿ ಕಲ್ಲಿನ ಹತ್ರ ಬಾ. ಮತ್ತ ನೀರು ಹಿಡೀತೀನಿ, ಈ ಸಲ ತಲಿಗೆ. ನಿನ್ನ ಪೆಟ್ಟಿಗಿ ಮದರಾಸಿಂದ ಯಾವಾಗ ಬರ್ತೈತೋ, ಶೇಕ್ಷಾವಲಿ ಕಡಿಯಿಂದ ಒಂದು ರುಮಾಲು ಇಸಗಂಬಾ. ಅವನನ್ನೂ ಕರಕಂಬಾ. ಅವನ ಬುದ್ಧಿ ಕೇಳದಿದ್ದದ್ದು ಚಲೋ ಆತು ಅಂತ ಅವಗ ಹೇಳಬೇಕು.

ಉಚ್ಚಂಗೆಮ್ಮ

(ಇದನ್ನು ಬರೆಯುವಾಗ ಅಜ್ಜಿ, "ಈಗ ನಿಂದು ಬರಕ, ನಾನು ಆ ಕಡಿ ತಿರುಗಿ ಕುಂದರತೀನಿ" ಎಂದು ಗೋಡೆಯ ಕಡೆ ತಿರುಗಿ ಕೂತಿದ್ದಾಳೆ. ಆದ್ದರಿಂದ ಅವಸರದಲ್ಲಿ ಬರೆಯುತ್ತಿದ್ದೇನೆ. ಪೆಟ್ಟಿಗೆ ಬರದಿದ್ದರೂ ಚಿಂತೆಯಿಲ್ಲ. ಆ ಎಳೆ ಮರೆಯದೆ ತನ್ನಿರಿ. ಧಾರೆಗೆ ನಾನು ಉಡುವುದು ಅದೇ ಸೀರೆ.

ಕಲ್ಲಿನ ಹತ್ತಿರ ಬಂದಾಗ ಈ ಸಲ ತಲೆ ಎತ್ತಿ ನೋಡಿರಿ. ಬೆರಳು ವಾಸಿಯಾಗಿದೆ, ಪಾದದಲ್ಲಿ ನೋಡುವಂಥದ್ದು ಏನೂ ಉಳಿದಿಲ್ಲ. — ವಿರೂಪಮ್ಮ)